ದೊಡ್ಡಮ್ಮನ ಕರಡಿಗೆ ಕಷಾಯ

ಸಂಶೋಧನೆ ಎಂಬ ಮಹಾಕಾರ್ಯಕ್ಕೆ ನಾನು ಕೈ ಹಾಕಿದ್ದು ತಲೆಯಲ್ಲಿ ಬಿಳಿ ಕೂದಲು ಇಣುಕಲು ಶುರುವಾದ ಮೇಲೆ. ಅಲ್ಲಿಯವರೆಗೆ ತುಮಕೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು, ಉಪ್ಪಾರಹಳ್ಳಿಯ ಮನೆಯಲ್ಲಿ ಮುದ್ದೆ ತಿರುವಿಕೊಂಡು ನೆಮ್ಮದಿಯಾಗಿದ್ದೆ. ಪಿಎಚ್‌ಡಿ ಇಲ್ಲದವರಿಗೆ ಬಡ್ತಿ ಇಲ್ಲ ಎಂದು ತಿಳಿದ ದಿನ ನನ್ನೊಳಗಿದ್ದ ವಿಜ್ಞಾನಿ ಧಡಕ್ಕನೆ ಎದ್ದು ಕೂತಳು. ಗೈಡ್ ಒಬ್ಬರು ಸಿಕ್ಕರು, ವಿಷಯವೂ ಸಿಕ್ಕಿತು. ಮನುಷ್ಯರ ಕ್ಯಾನ್ಸರ್ ಕೋಶಗಳ ಮೇಲೆ ಬೆಳ್ಳಿಯ ನ್ಯಾನೋ ಕಣಗಳ ವಿಷ ಪರಿಣಾಮ! ಹೇಳುವಾಗಲೇ ಬೆನ್ನು ನೆಟ್ಟಗಾಗುತ್ತಿತ್ತು.

ಕೆಲಸ ಮಾತ್ರ ಹೆಸರಿನಷ್ಟು ಭಯಂಕರವಲ್ಲ. ತುಂಬೆ ಎಲೆ ಕುದಿಸಿ ಸೋಸಿದ ನೀರಿಗೆ ಬೆಳ್ಳಿಯ ಲವಣ ಕರಗಿಸಿದ ನೀರನ್ನು ಬೆರೆಸಬೇಕು. ಸ್ವಲ್ಪ ಹೊತ್ತಿಗೆ ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ಹುಟ್ಟಿವೆ ಎಂದರ್ಥ. ಅದನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಕಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಎಷ್ಟು ಸತ್ತವು ಎಂದು ನೋಡುವುದು. ನನ್ನ ಯಜಮಾನರು ರುದ್ರೇಶ್ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟವರು. ನನ್ನ ಸಂಶೋಧನೆಯ ಬಗ್ಗೆ ಅವರ ಅಭಿಪ್ರಾಯ ಒಂದೇ. ಲೋಕದಲ್ಲಿ ಎಲ್ಲರೂ ಬದುಕಿಸಿ ಡಾಕ್ಟರ್ ಆಗುತ್ತಾರಂತೆ, ನಾನು ಸಾಯಿಸಿ ಡಾಕ್ಟರ್ ಆಗುವವಳಂತೆ.

ಅನಾಹುತ ಶುರುವಾದದ್ದು ಗುಬ್ಬಿಯಲ್ಲಿ, ಸೋದರಮಾವನ ಮಗನ ಗೃಹಪ್ರವೇಶದ ದಿನ. ಊಟದ ಪಂಕ್ತಿಯಲ್ಲಿ ಕೂತಿದ್ದೆವು. ನೆಂಟರಲ್ಲಿ ಯಾರೋ, ಈ ವಯಸ್ಸಿನಲ್ಲಿ ಇನ್ನೂ ಏನು ಓದು ತಾಯಿ ಎಂದು ಕೇಳಿದರು. ಆ ಪ್ರಶ್ನೆ ಅದೆಷ್ಟು ಮದುವೆ, ನಾಮಕರಣಗಳಲ್ಲಿ ನನ್ನ ಹೋಳಿಗೆಯನ್ನು ಕಹಿ ಮಾಡಿತ್ತೋ! ಅವತ್ತು ಸಹನೆ ತಪ್ಪಿತು. ಎಡಗೈಯಲ್ಲಿ ಫೋನ್ ತೆಗೆದು ಒಂದು ಫೋಟೋ ತೋರಿಸಿದೆ. ಒಂದು ಬದಿಯಲ್ಲಿ ಒತ್ತೊತ್ತಾಗಿ ಬೆಳೆದ ಕ್ಯಾನ್ಸರ್ ಕೋಶಗಳು, ಇನ್ನೊಂದು ಬದಿಯಲ್ಲಿ ಬೆಳ್ಳಿ ಬಿದ್ದ ಮೇಲೆ ಮುದುರಿ ಸತ್ತ ಕೋಶಗಳು. ನಮ್ಮ ತುಂಬೆ ಎಲೆ, ನಮ್ಮ ಬೆಳ್ಳಿ, ಕ್ಯಾನ್ಸರ್ ಮಟಾಷ್ ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಘೋಷಿಸಿದೆ. ಸಾರು ಬಡಿಸುವವರು ಕೂಡ ಬಕೆಟ್ ಹಿಡಿದು ನಿಂತುಬಿಟ್ಟರು.

ನನ್ನ ಪಕ್ಕದಲ್ಲೇ ಕಡಬದ ದೊಡ್ಡಮ್ಮ ಕೂತಿದ್ದಳು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಗಂಗಮ್ಮ. ಹೈಸ್ಕೂಲು ಮುಗಿಯುವವರೆಗೂ ನನ್ನನ್ನು ಮನೆಯಲ್ಲಿಟ್ಟುಕೊಂಡು, ತಲೆ ಬಾಚಿ ಬೆಳೆಸಿದವಳು. ನನ್ನ ಪ್ರಯೋಗಕ್ಕೆ ತುಂಬೆ ಬರುತ್ತಿದ್ದುದೂ ಅವಳ ತೆಂಗಿನ ತೋಟದ ಬದುವಿನಿಂದಲೇ. ಅವಳು ಅರ್ಧ ಹೋಳಿಗೆಯನ್ನು ಎಲೆಯ ಮೇಲೆ ಇಟ್ಟು, "ನಿಜವಾಗ್ಲೂ ಸತ್ತೋಯ್ತವಾ?" ಎಂದು ಮೆಲ್ಲಗೆ ಕೇಳಿದಳು.

"ಒಂದೂ ಉಳಿಯಲ್ಲ ದೊಡ್ಡಮ್ಮ" ಎಂದೆ.

ಅವಳು ತಲೆಯಾಡಿಸಿ ಹೋಳಿಗೆ ತಿಂದು ಮುಗಿಸಿದಳು. ಫೋನಿನಲ್ಲಿ ಮುಂದಿನ ಫೋಟೋ ಒಂದಿತ್ತು. ಅದರಲ್ಲಿ ರೋಗವಿಲ್ಲದ ಒಳ್ಳೆಯ ಕೋಶಗಳೂ ಅದೇ ಬೆಳ್ಳಿಗೆ ಸಿಕ್ಕಿ ಸತ್ತು ಮಲಗಿದ್ದವು. ಬೆರಳಲ್ಲಿ ಸ್ವಲ್ಪ ಸರಿಸಿದ್ದರೆ ಸಾಕಿತ್ತು. ಆದರೆ ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಭಾಷಣವನ್ನು ಯಾರು ತಾನೇ ಕೆಡಿಸಿಕೊಳ್ಳುತ್ತಾರೆ? ಫೋನ್ ಒಳಗಿಟ್ಟು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಕೆಲವು ದಿನ ಕಳೆದ ಮೇಲೆ ಕುಣಿಗಲ್‌ನಿಂದ ಶಶಿಯ ಫೋನ್ ಬಂತು. ಶಶಿ ದೊಡ್ಡಮ್ಮನ ಒಬ್ಬಳೇ ಮಗಳು, ಅಲ್ಲಿ ಅಂಗನವಾಡಿ ಟೀಚರ್. ಅಳುತ್ತಿದ್ದಳೋ ಬೈಯುತ್ತಿದ್ದಳೋ ಮೊದಲು ಗೊತ್ತಾಗಲಿಲ್ಲ. ಎರಡೂ ಮಾಡುತ್ತಿದ್ದಳು. ದೊಡ್ಡಮ್ಮನ ಎದೆಯಲ್ಲಿ ಗಂಟು ಇದೆಯಂತೆ. ಯಾರಿಗೂ ಬಾಯಿ ಬಿಡದೆ ಇಷ್ಟು ದಿನ ಮುಚ್ಚಿಟ್ಟಿದ್ದಳಂತೆ. ಶಶಿ ಹೇಗೋ ಕಂಡುಹಿಡಿದು ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಬಂದು ಪರೀಕ್ಷೆ ಮಾಡಿಸಿದ್ದಾಳೆ. ಕ್ಯಾನ್ಸರೇ ಎಂದಿದ್ದಾರೆ. ಗಂಟು ಚಿಕ್ಕದು, ಈಗಲೇ ತೆಗೆದರೆ ಹೆದರಬೇಕಾಗಿಲ್ಲ, ತಡ ಮಾಡಬೇಡಿ ಎಂದು ಮುಂದಿನ ಶುಕ್ರವಾರ ಆಪರೇಷನ್ ಇಟ್ಟಿದ್ದಾರೆ.

"ಅಮ್ಮ ಬರಲ್ಲ ಅಂತಾಳೆ ಸುಧಕ್ಕ. ಸುಧಾನೇ ಔಷಧಿ ಕಂಡುಹಿಡಿದವ್ಳೆ, ನಂಗ್ಯಾಕೆ ಆಪರೇಷನ್ ಅಂತ ಹಟ ಹಿಡಿದು ಕೂತವ್ಳೆ. ನೀನೇ ಮಾಡಿದ್ದು, ನೀನೇ ಸರಿಮಾಡು" ಎಂದು ಶಶಿ ಫೋನ್ ಇಟ್ಟಳು.

ಗ್ಯಾಸ್ ಮೇಲೆ ಹಾಲು ಉಕ್ಕುತ್ತಿತ್ತು, ನೋಡುತ್ತಲೇ ನಿಂತೆ. ಗುಬ್ಬಿಯಲ್ಲಿ ಹೋಳಿಗೆ ಇಟ್ಟು ಅವಳು ಕೇಳಿದ ಪ್ರಶ್ನೆ ನೆಂಟರ ಕುತೂಹಲವಾಗಿರಲಿಲ್ಲ. ಸೆರಗಿನ ಕೆಳಗೆ ಗಂಟು ಇಟ್ಟುಕೊಂಡು ಕೇಳಿದ್ದಳು. ನಾನು ಒಂದೂ ಉಳಿಯಲ್ಲ ಎಂದಿದ್ದೆ.

ತಕ್ಷಣ ಕಡಬಕ್ಕೆ ಹೊರಟೆವು. ಯಜಮಾನರ ಹಳೇ ಮಾರುತಿ ವ್ಯಾನಿನ ಹಿಂದುಗಡೆ ಯಾರದೋ ರಿಪೇರಿಯಾದ ಮೋಟಾರು ಉರುಳಾಡುತ್ತಿತ್ತು. ದಾರಿಯುದ್ದಕ್ಕೂ ನಾನು ಭಾಷಣ ಅಭ್ಯಾಸ ಮಾಡಿಕೊಂಡೆ. ತಟ್ಟೆಯಲ್ಲಿ ಕೋಶ ಸಾಯುವುದು ಬೇರೆ, ಮನುಷ್ಯರ ಮೈಯಲ್ಲಿ ರೋಗ ವಾಸಿಯಾಗುವುದು ಬೇರೆ. ತಟ್ಟೆಯಲ್ಲಿರುವ ಕೋಶಗಳನ್ನು ಕೊಲ್ಲಲು ಬ್ಲೀಚಿಂಗ್ ಪುಡಿಯೂ ಸಾಕು, ಹಾಗಂತ ಅದನ್ನು ಕುಡಿಯಲು ಆಗುತ್ತದೆಯೇ? ಎಂಥವರಿಗೂ ಅರ್ಥವಾಗುವ ಮಾತು. ಕೆರೆ ಏರಿ ದಾಟುವ ಹೊತ್ತಿಗೆ ನನಗೆ ಪೂರ್ತಿ ಧೈರ್ಯ ಬಂದಿತ್ತು.

ತೋಟದ ಬದುವಿನಲ್ಲಿ ಒಂದೇ ಒಂದು ತುಂಬೆ ಗಿಡ ಇರಲಿಲ್ಲ. ಒಳಗೆ ಹೋದರೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಕುದಿಯುತ್ತಿದೆ, ಕಹಿ ವಾಸನೆ ಸೂರಿಗೆ ತಾಗಿದೆ. ಇಣುಕಿ ನೋಡಿದೆ. ತುಂಬೆ ಎಲೆಗಳ ನಡುವೆ ತೀರಿಹೋದ ದೊಡ್ಡಪ್ಪನ ಬೆಳ್ಳಿ ಕರಡಿಗೆ ಮುಳುಗಿ ಏಳುತ್ತಿತ್ತು! ಇಷ್ಟಲಿಂಗ ಇಟ್ಟುಕೊಂಡು ಅವರು ಜೀವಮಾನವೆಲ್ಲ ಕೊರಳಲ್ಲಿ ಧರಿಸಿದ್ದ ಕರಡಿಗೆ ಅದು. ಅವರು ಹೋದ ಮೇಲೆ ದೊಡ್ಡಮ್ಮ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ಈಗ ಅದರ ಕಷಾಯ ಮಾಡಿ ಹೊತ್ತು ಹೊತ್ತಿಗೆ ಕುಡಿಯುತ್ತಿದ್ದಾಳೆ. ಸಾಲದ್ದಕ್ಕೆ ಪಡಸಾಲೆಯಲ್ಲಿ ಹಾಗಲವಾಡಿ ಕಡೆಯ ಹೆಂಗಸೊಬ್ಬರು ಮಂಡಿ ನೋವಿಗೆ ಆಗಬಹುದೇನೋ ಎಂದು ಲೋಟ ಹಿಡಿದು ಕಾಯುತ್ತಿದ್ದರು.

ಅವರನ್ನು ಯಜಮಾನರು ಹೇಗೋ ಮಾತಾಡಿಸಿ ಸಾಗಹಾಕಿದರು. ನಾನು ಒಲೆ ಆರಿಸಿ ಭಾಷಣ ಶುರುಮಾಡಿದೆ. ಗಟ್ಟಿ ಬೆಳ್ಳಿ ಕುದಿಸಿದರೆ ನ್ಯಾನೋ ಕಣ ಬರುವುದಿಲ್ಲ, ಅದಕ್ಕೆ ಬೇರೆ ಲವಣ ಬೇಕು ಎಂದೆ. ಹಾಗಾದರೆ ಆ ಲವಣವನ್ನೇ ತಂದುಕೊಡು ಎಂದಳು. ಗಾಬರಿಯಾಗಿ ಬ್ಲೀಚಿಂಗ್ ಪುಡಿಯ ಮಾತಿಗೆ ಹಾರಿದೆ. ಅದನ್ನು ಪಂಚಾಯಿತಿಯವರು ಟ್ಯಾಂಕಿಗೆ ಹಾಕುತ್ತಾರೆ, ಊರೆಲ್ಲ ಅದೇ ನೀರು ಕುಡಿಯುತ್ತದೆ ಎಂದಳು. ನಾನು ಬಿಟ್ಟ ಬಾಣವೆಲ್ಲ ತಿರುಗಿ ನನಗೇ ಬರುತ್ತಿತ್ತು. ಕೊನೆಗೆ ತಾಳ್ಮೆ ಕೆಟ್ಟಿತು.

"ಒಳ್ಳೇ ಕೋಶಾನೂ ಕೊಲ್ಲುತ್ತೆ, ಅದು ವಿಷ ದೊಡ್ಡಮ್ಮ!"

"ವಿಷ ಅಲ್ದಿದ್ರೆ ಅದು ಸಾಯೋದೆಂಗ್ಲೇ?" ಎಂದಳು, ತಣ್ಣಗೆ.

ಯಜಮಾನರ ಕಡೆ ನೋಡಿದೆ. ಅವರು ಮೇಲಿನ ತೊಲೆ ನೋಡುತ್ತಿದ್ದರು.

ಆಮೇಲೆ ದೊಡ್ಡಮ್ಮ ಪಾತ್ರೆಯಿಂದ ಕರಡಿಗೆ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತಳು. "ನಿಮ್ಮ ದೊಡ್ಡಪ್ಪ ಆಪರೇಷನ್ ಅಂತ ನಡ್ಕೊಂಡು ಹೋದ್ರು. ವಾಪಸ್ ನಡ್ಕೊಂಡು ಬಂದ್ರಾ? ನಂಗೆ ಭಯ ಕಣೇ ಸುಧಾ. ಆ ಬಾಗಿಲೊಳಕ್ಕೆ ನಾನು ಹೋಗಲ್ಲ" ಎಂದಳು.

ಅವಳ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಾವು ಬಂದರೆ ಕೋಲಿನಲ್ಲಿ ಎತ್ತಿ ಬೇಲಿಯಾಚೆ ಬಿಟ್ಟು ಬರುತ್ತಿದ್ದ ಹೆಂಗಸು ಅವಳು. ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ. ಆಗ ಅವಳೇ ಒಂದು ದಾರಿ ತೋರಿಸಿದಳು. ನಿನ್ನ ಬೆಳ್ಳಿ ಕೆಟ್ಟ ಕೋಶದ ಜೊತೆ ಒಳ್ಳೇ ಕೋಶವನ್ನೂ ಕೊಲ್ಲುತ್ತದೆ ಅನ್ನುತ್ತೀಯಲ್ಲ, ಫೋಟೋ ಬೇಡ, ಕಣ್ಣಾರೆ ತೋರಿಸು, ಆಮೇಲೆ ನೋಡೋಣ ಎಂದಳು. ನಾನು ಯೋಚಿಸುವಷ್ಟರಲ್ಲಿ ಯಜಮಾನರು, "ಅದಕ್ಕೇನ್ ಅತ್ತೆ, ನಾಳೇನೇ ತೋರಿಸ್ತಾಳೆ" ಎಂದುಬಿಟ್ಟರು. ಅಂಗಡಿಯಲ್ಲಿ ಗಿರಾಕಿಗಳಿಗೆ ಮಾತು ಕೊಟ್ಟು ಅಭ್ಯಾಸವಾದವರು.

ನಮ್ಮ ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ಕೋಣೆಗೆ ಹೊರಗಿನವರು ಬರುವಂತಿಲ್ಲ. ಕಾಲಿನ ಧೂಳು, ಬಾಯಿಯ ಉಸಿರು ಬಿದ್ದರೂ ಕೋಶಗಳು ಕೆಟ್ಟುಹೋಗುತ್ತವೆ. ಆದರೆ ಪುಣ್ಯಕ್ಕೆ ಗೈಡ್ ಮೈಸೂರಿಗೆ ಹೋಗುವವರಿದ್ದರು. ಮಾರನೇ ದಿನ ದೊಡ್ಡಮ್ಮನಿಗೆ ಬಿಳಿ ಕೋಟು, ತಲೆಗೆ ಟೋಪಿ, ಬಾಯಿಗೆ ಮಾಸ್ಕ್ ಹಾಕಿಸಿ ಹಿಂಬಾಗಿಲಿಂದ ಕರೆದುಕೊಂಡು ಹೋದೆ. ಅವಳು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಬಂದಳು. ಕೋಟು ಅವಳಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಇಬ್ಬರಲ್ಲಿ ಯಾರು ಸಂಶೋಧಕಿ ಎಂದು ಕೇಳಿದರೆ ಯಾರೂ ನನ್ನನ್ನು ತೋರಿಸುತ್ತಿರಲಿಲ್ಲ.

ಮೊದಲು ಅವಳ ಎದುರಿಗೇ ಬೆಳ್ಳಿ ನೀರು ತಯಾರಿಸಿದೆ. ಕೈ ನಡುಗಿ ಬೆಳ್ಳಿ ಲವಣದ ದ್ರಾವಣ ಗ್ಲೌಸ್ ಮೇಲೆ ಚೆಲ್ಲಿತು. ಬಣ್ಣವಿಲ್ಲದ ನೀರು, ನಾನು ಗಮನ ಕೊಡಲಿಲ್ಲ. ಬೆವರು ಇಳಿಯುತ್ತಿತ್ತು, ಅದೇ ಬೆರಳುಗಳಲ್ಲಿ ಹಣೆ ಒರೆಸಿಕೊಂಡೆ. ಇದರ ಪ್ರತಾಪ ಆಮೇಲೆ ಗೊತ್ತಾಯಿತು. ಸದ್ಯಕ್ಕೆ ಡಿಕಾಕ್ಷನ್ ಬಣ್ಣ ಚೆನ್ನಾಗಿಯೇ ಬಂತು.

ಆಮೇಲೆ ಎರಡು ತಟ್ಟೆ ತೆಗೆದು ಮುಂದೆ ಇಟ್ಟೆ. ಇಡ್ಲಿ ತಟ್ಟೆಯಲ್ಲಿ ಇರುವ ಹಾಗೆ ಸಾಲಾಗಿ ಪುಟ್ಟ ಪುಟ್ಟ ಗುಳಿಗಳು. ಒಂದರಲ್ಲಿ ಎದೆಯ ಕ್ಯಾನ್ಸರ್ ಕೋಶಗಳು, ಇನ್ನೊಂದರಲ್ಲಿ ಒಳ್ಳೆಯ ಕೋಶಗಳು. ದೊಡ್ಡಮ್ಮನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ತೋರಿಸಿದೆ. ಬಹಳ ಹೊತ್ತು ನೋಡಿ, ಇವು ಯಾರವು ಎಂದು ಕೇಳಿದಳು. ಪುಣೆಯಿಂದ ತರಿಸಿದ್ದು ಎಂದೆ. ಅದಲ್ಲ, ಯಾರ ಮೈಯಿಂದ ತೆಗೆದದ್ದು ಎಂದಳು. ಎಷ್ಟು ದಿನ ಇವುಗಳ ಜೊತೆ ಏಗಿದ್ದರೂ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಯಾವುದೋ ದೇಶದ ಒಬ್ಬ ಹೆಂಗಸು, ಅವರು ಹೋಗಿ ಬಹಳ ಕಾಲವಾಗಿದೆ, ಅವರಿಂದ ತೆಗೆದ ಕೋಶಗಳನ್ನು ಬೆಳೆಸಿ ಹಂಚುತ್ತಾ ಬಂದಿದ್ದಾರೆ ಎಂದೆ.

ದೊಡ್ಡಮ್ಮ ಮತ್ತೆ ಬಗ್ಗಿ ನೋಡಿದಳು. "ಹಾಳಾದವು. ಒಡತೀನೇ ತಿಂದಾಕಿ ಇನ್ನೂ ಬದುಕವೆ" ಎಂದಳು.

ನನ್ನ ಕೈ ಇನ್ನಷ್ಟು ನಡುಗಲು ಶುರುವಾಯಿತು. ಆದರೂ ಕೆಲಸ ನಡೆಯಬೇಕಲ್ಲ. ಪ್ರತಿ ಗುಳಿಗೂ ಬೆಳ್ಳಿ ನೀರಿನ ಹನಿ ಬಿಡುತ್ತಾ ಮೊದಲು ಒಳ್ಳೆಯ ಕೋಶಗಳ ತಟ್ಟೆ ಮುಗಿಸಿದೆ. ಅಷ್ಟರಲ್ಲಿ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಮೈಸೂರಿನಲ್ಲಿ ಇರಬೇಕಾದ ಗೈಡ್ ಬಾಗಿಲಲ್ಲಿ ನಿಂತಿದ್ದರು! ಅಲ್ಲಿಯ ಸಭೆ ಮುಂದಕ್ಕೆ ಹೋಯಿತಂತೆ.

ಬಿಳಿ ಕೋಟಿನಲ್ಲಿ ಗಂಭೀರವಾಗಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಹಿರಿಯ ಹೆಂಗಸನ್ನು ನೋಡಿ ನಮ್ಮ ಗೈಡ್ ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ಮೇಲಿನಿಂದ ಯಾರೋ ತಜ್ಞರು ಪರಿಶೀಲನೆಗೆ ಬಂದಿದ್ದಾರೆ ಎಂದುಕೊಂಡಿರಬೇಕು. "ನಮಸ್ಕಾರ ಮೇಡಂ. ಯಾವ ಕಡೆಯಿಂದ ಬಂದ್ರಿ?" ಎಂದು ವಿನಯದಿಂದ ಕೇಳಿದರು.

"ಕಡಬ" ಎಂದಳು ದೊಡ್ಡಮ್ಮ, ಅವರ ಕಡೆ ತಿರುಗದೆ.

"ಓಹೋ, ಸರಿ ಸರಿ" ಎಂದರು ಗೈಡ್. ಕಡಬದಲ್ಲಿ ಯಾವ ಸಂಶೋಧನಾ ಸಂಸ್ಥೆ ಇದೆ ಎಂದು ತಮಗೆ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ನಾನು ತಲೆ ಎತ್ತದೆ, ಮುಂದಿದ್ದ ತಟ್ಟೆಗೆ ಸರಸರನೆ ಹನಿ ಬಿಡುತ್ತಾ ಹೋದೆ. ಗೈಡ್ ಮೇಡಂಗೆ ಕಾಫಿ ತರಿಸಲೇ ಎಂದು ಕೇಳಿ, ಬೇಡ ಎಂದ ಮೇಲೆ ಬೆನ್ನು ತೋರಿಸದೆ ಹಾಗೇ ಹಿಂದಕ್ಕೆ ನಡೆದು ಹೋದರು. ತಟ್ಟೆಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು ಬಾಗಿಲು ಹಾಕಿದೆ. ಅವುಗಳ ಹಣೆಬರಹ ತಿಳಿಯಲು ಮಾರನೇ ದಿನದವರೆಗೆ ಕಾಯಬೇಕಿತ್ತು, ದೊಡ್ಡಮ್ಮ ನಮ್ಮ ಮನೆಯಲ್ಲೇ ಉಳಿದಳು.

ಬೆಳಿಗ್ಗೆ ಮುಖ ತೊಳೆಯಲು ಕನ್ನಡಿ ನೋಡಿದವಳು ಕಿಟ್ಟನೆ ಕಿರುಚಿದೆ. ಹಣೆಯ ಮೇಲೆ ಅಡ್ಡಡ್ಡ ಮೂರು ಗೆರೆ, ಕಪ್ಪನೆ, ಥೇಟ್ ವಿಭೂತಿ ಇಟ್ಟ ಹಾಗೆ! ಬೆಳ್ಳಿ ಲವಣ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಕಪ್ಪಾಗುತ್ತದೆ ಎಂದು ಪ್ರತಿ ವರ್ಷ ಹುಡುಗರಿಗೆ ಎಚ್ಚರಿಕೆ ಹೇಳುವವಳು ನಾನೇ. ಸೋಪು ಹಾಕಿದೆ, ಕಡಲೆಹಿಟ್ಟು ಹಾಕಿದೆ, ನಿಂಬೆಹಣ್ಣು ಉಜ್ಜಿದೆ. ಗೆರೆಗಳ ಸುತ್ತ ಚರ್ಮ ಕೆಂಪಾಗಿ ಗೆರೆಗಳು ಇನ್ನಷ್ಟು ಎದ್ದು ಕಂಡವು. ಅದು ಸತ್ತ ಚರ್ಮದ ಜೊತೆ ತಾನಾಗೇ ಉದುರಬೇಕು, ಬೇರೆ ದಾರಿಯಿಲ್ಲ. ಯಜಮಾನರು ನೋಡಿ, ವೈಂಡಿಂಗ್ ಸುಟ್ಟ ವಾಸನೆ ಬರುತ್ತಿದೆಯೇ ಎಂದು ಕೇಳಿ ಅಂಗಡಿಗೆ ಹೋದರು. ದೊಡ್ಡಮ್ಮ ಮಾತ್ರ ಕೈ ಮುಗಿದಳು. ಪಾಪಿಷ್ಠೆ, ನಕ್ಕಿದ್ದರೂ ಪರವಾಗಿರಲಿಲ್ಲ.

ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಲ್ಯಾಬಿಗೆ ಹೋದೆ. ಗುಳಿಗಳಿಗೆ ಹಳದಿ ಬಣ್ಣದ ಔಷಧಿ ಹಾಕಬೇಕು. ಕೋಶ ಬದುಕಿದ್ದರೆ ಸ್ವಲ್ಪ ಹೊತ್ತಿಗೆ ಅದು ನೇರಳೆಯಾಗುತ್ತದೆ, ಸತ್ತಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಎರಡೂ ತಟ್ಟೆ ಹಳದಿಯಾಗಿ ಉಳಿಯಬೇಕು, ಆಗ ಈ ಬೆಳ್ಳಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ ಎಂದು ದೊಡ್ಡಮ್ಮನಿಗೆ ತೋರಿಸಿ ಸೀದಾ ಆಸ್ಪತ್ರೆಗೆ ಹೋಗುವುದು ನನ್ನ ಯೋಜನೆ. ದೊಡ್ಡಮ್ಮ ಮತ್ತೆ ಕೋಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಗೋಡೆ ಗಡಿಯಾರದ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ನನ್ನ ಪ್ರಾಣ ಹೋಗಿ ಬರುತ್ತಿತ್ತು.

ತಟ್ಟೆ ಹೊರಗೆ ತೆಗೆದೆ. ಒಳ್ಳೆಯ ಕೋಶಗಳ ತಟ್ಟೆ ಹಳದಿ. ಒಂದೂ ಉಳಿದಿರಲಿಲ್ಲ. ಕ್ಯಾನ್ಸರ್ ಕೋಶಗಳ ತಟ್ಟೆ ನೇರಳೆ. ಬದನೆಕಾಯಿಯಂಥ ಗಾಢ ನೇರಳೆ! ಒಂದೂ ಸತ್ತಿರಲಿಲ್ಲ. ನಾನು ವರ್ಷಗಟ್ಟಲೆ ಕಷ್ಟಪಟ್ಟು ತಯಾರಿಸಿದ ಬೆಳ್ಳಿ, ಬದುಕಬೇಕಾದವರನ್ನೆಲ್ಲ ಕೊಂದು, ಸಾಯಬೇಕಾದವರಿಗೆ ಹಬ್ಬದ ಊಟ ಹಾಕಿ ಕಳಿಸಿತ್ತು. ಲೋಕದ ಯಾವ ಸಂಶೋಧಕರಿಗೂ ಇಂಥ ಫಲಿತಾಂಶ ಬಂದಿರಲಾರದು.

ದೊಡ್ಡಮ್ಮ ಎರಡೂ ತಟ್ಟೆಯನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಇದೇನ್ಲೇ ಇದು, ನಿನ್ನ ಬೆಳ್ಳಿ ಒಳ್ಳೇವ್ರನ್ನ ಹೊಡೆದು ಕಳ್ಳರನ್ನ ಬುಟ್ಟದಲ್ಲ" ಎಂದಳು. ಕೋಟು ಬಿಚ್ಚಿ ಮಡಿಸಿ ಸ್ಟೂಲಿನ ಮೇಲಿಟ್ಟಳು. "ಆ ಆಸ್ಪತ್ರೆಗೇ ನಡಿ, ಹೋಗನ."

ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ತಟ್ಟೆಗಳನ್ನು ಎತ್ತಿಡುವಾಗ ಕಾರಣ ಕಣ್ಣಿಗೆ ಬಿತ್ತು. ಒಳ್ಳೆಯ ಕೋಶಗಳ ಗುಳಿಗಳು ಅಂಚಿನವರೆಗೂ ತುಂಬಿದ್ದವು, ಕ್ಯಾನ್ಸರ್ ಕೋಶಗಳ ಗುಳಿಗಳಲ್ಲಿ ನೀರು ಅರ್ಧದಲ್ಲೇ ನಿಂತಿತ್ತು. ಗೈಡ್ ಬಾಗಿಲಲ್ಲಿ ನಿಂತಾಗ ನಾನು ತಟ್ಟೆ ಬದಲಾಯಿಸಿಯೇ ಇರಲಿಲ್ಲ. ಮುಗಿದ ತಟ್ಟೆಗೇ ಮತ್ತೊಂದು ಸಲ ಬೆಳ್ಳಿ ಸುರಿದಿದ್ದೆ. ಕ್ಯಾನ್ಸರ್ ಕೋಶಗಳಿಗೆ ಒಂದು ಹನಿಯೂ ಬಿದ್ದಿರಲಿಲ್ಲ, ಅವು ಆರಾಮಾಗಿ ಬೆಳೆದಿದ್ದವು.

ಈಗ ಹೊಸ ಸಂಕಟ. ನಿಜ ಹೇಳಿದರೆ ದೊಡ್ಡಮ್ಮ ವ್ಯಾನ್ ಇಳಿದು ಕಡಬದ ಬಸ್ ಹತ್ತುತ್ತಾಳೆ, ಕರಡಿಗೆ ಮತ್ತೆ ಪಾತ್ರೆಗೆ ಬೀಳುತ್ತದೆ. ಹೇಳದಿದ್ದರೆ, ಎತ್ತಿ ಆಡಿಸಿದವಳಿಗೆ ಎರಡನೇ ಸಲ ಸುಳ್ಳು ತೋರಿಸಿದ ಹಾಗಾಯಿತು. ಯಜಮಾನರಿಗೆ ಗುಟ್ಟಾಗಿ ಹೇಳಿದೆ. ಅವರು, "ಮೋಟರ್ ಓಡ್ತಾ ಇರುವಾಗ ಯಾರಾದ್ರೂ ಬಿಚ್ತಾರಾ? ಆಪರೇಷನ್ ಆಗ್ಲಿ, ಆಮೇಲೆ ಬಾಯಿ ಬಿಡು" ಎಂದರು. ಶುಕ್ರವಾರದವರೆಗೆ ನನಗೆ ಅನ್ನ ಸೇರಲಿಲ್ಲ. ದೊಡ್ಡಮ್ಮ ಮಾತ್ರ ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಸಾರಿಗೆ ಹುಳಿ ಕಮ್ಮಿ ಎಂದು ದೂರಿಕೊಂಡು ಇದ್ದಳು.

ಆಪರೇಷನ್ ದಿನ ಶಶಿ ಕುಣಿಗಲ್‌ನಿಂದ ಬಂದಳು. ನನ್ನ ಹಣೆ ನೋಡಿ, ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ದೊಡ್ಡಮ್ಮನನ್ನು ಒಳಗೆ ಕರೆದುಕೊಂಡು ಹೋಗುವಾಗ ಅವಳು ದೊಡ್ಡಪ್ಪನ ಕರಡಿಗೆಯನ್ನು ನನ್ನ ಕೈಗೆ ಕೊಟ್ಟು, ಜೋಪಾನ, ಯಾವುದಕ್ಕೂ ಬೆರೆಸಬೇಡ ಎಂದಳು. ಅವಳ ಕೈ ತಣ್ಣಗಿತ್ತು. ಆ ಬಾಗಿಲು ಹಾಕಿಕೊಂಡಿತು. ನಾನು ಕರಡಿಗೆ ಹಿಡಿದು ಬೆಂಚಿನ ಮೇಲೆ ಕೂತೆ. ಏನಾದರೂ ಆದರೆ? ದೊಡ್ಡಪ್ಪನ ಹಾಗೆ ಇವಳೂ ಬರದಿದ್ದರೆ, ಸುಳ್ಳು ತಟ್ಟೆ ತೋರಿಸಿ ಒಳಗೆ ಕಳಿಸಿದವಳು ನಾನು. ನನಗೆ ಗೊತ್ತಿದ್ದ ವಿಜ್ಞಾನವೆಲ್ಲ ಅಲ್ಲಿ ಕಾಸಿಗೂ ಬರಲಿಲ್ಲ, ಶಿವ ಶಿವ ಎನ್ನುತ್ತಾ ಕೂತೆ. ಎದುರು ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ನನ್ನ ಹಣೆಯ ಕಪ್ಪು ಗೆರೆಗಳನ್ನೂ ಕೈಯಲ್ಲಿದ್ದ ಬೆಳ್ಳಿಯನ್ನೂ ನೋಡಿ, ಎದ್ದು ಬಂದು, ನಮ್ಮ ಮನೆಯವರಿಗೂ ಒಂದು ಆಶೀರ್ವಾದ ಮಾಡಿ ತಾಯಿ ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮಾಡಿದೆ.

ಕೊನೆಗೆ ಡಾಕ್ಟರ್ ಹೊರಗೆ ಬಂದರು. ಗಂಟು ಪೂರ್ತಿ ತೆಗೆದಿದ್ದೇವೆ, ಚೆನ್ನಾಗಿದ್ದಾರೆ, ಮುಂದಿನ ಚಿಕಿತ್ಸೆಗೆ ತಪ್ಪದೆ ಕರೆದುಕೊಂಡು ಬನ್ನಿ ಎಂದರು. ಶಶಿ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಯಜಮಾನರು ಕಾಫಿ ತರುತ್ತೇನೆ ಎಂದು ಹೋಗಿ ಬಹಳ ಹೊತ್ತು ಬಿಟ್ಟು ಕೆಂಪು ಕಣ್ಣಿನಲ್ಲಿ ಬಂದರು, ಕಾಫಿ ತಂದಿರಲಿಲ್ಲ.

ಮಾರನೇ ದಿನ ದೊಡ್ಡಮ್ಮ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಇನ್ನು ತಡೆಯಲು ನನ್ನಿಂದ ಆಗಲಿಲ್ಲ. ದೊಡ್ಡಮ್ಮ, ಆ ತಟ್ಟೆಯ ವಿಷಯ ಒಂದು ಹೇಳಬೇಕು ಎಂದು ಶುರುಮಾಡಿದೆ.

"ಒಂದೇ ತಟ್ಟೆಗೆ ಎರಡು ಸಲ ಹುಯ್ದೆ, ಅದೇ ತಾನೆ?" ಎಂದಳು.

ನನ್ನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಗೊತ್ತಿತ್ತಾ ಎಂದೆ. ಪಕ್ಕದಲ್ಲೇ ಕೂತಿದ್ದವಳು ತಾನು, ಕುರುಡಿಯೇ ಎಂದಳು. ಗೈಡ್ ಜೊತೆ ಮಾತಾಡುತ್ತಲೇ ಎಲ್ಲವನ್ನೂ ನೋಡಿದ್ದಳಂತೆ. ಹಾಗಾದರೆ ಫಲಿತಾಂಶ ಸುಳ್ಳು ಎಂದು ಗೊತ್ತಿದ್ದೂ ಆಸ್ಪತ್ರೆಗೆ ಯಾಕೆ ಬಂದೆ ಎಂದು ಕೇಳಿದೆ.

ಅವಳು ಗಂಜಿಯ ಲೋಟ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. "ನೀನು ಚಿಕ್ಕೋಳಾಗಿದ್ದಾಗ್ಲೂ ಗಾಬರಿ ಆದ್ರೆ ಸಾರಿಗೆ ಎರಡು ಸಲ ಉಪ್ಪು ಹಾಕೋಳು. ಅವತ್ತು ನಿನ್ನ ಕೈ ನಡುಗೋದು ನೋಡ್ದೆ. ಈ ಕೈಯಾಗ್ ಮಾಡಿದ್ ಔಷಧಿ ಕುಡಿಯೋ ಬದ್ಲು, ಕೈ ನಡುಗ್ದೇ ಇರೋ ಆ ಡಾಕ್ಟರ್ ಹತ್ರ ಕುಯ್ಯಿಸ್ಕೊಳ್ಳೋದೇ ವಾಸಿ ಅನ್ನಿಸ್ತು ಕಣೇ."

ನಾನು ಓದಿದ್ದೆಲ್ಲ ಒಂದು ಕಡೆ, ಕಡಬದ ಅಡುಗೆಮನೆಯಲ್ಲಿ ಮಾಡಿದ ಭಾಷಣ ಇನ್ನೊಂದು ಕಡೆ. ಅವೆಲ್ಲ ಸೇರಿ ಮಾಡಲಾಗದ್ದನ್ನು ನನ್ನ ನಡುಗುವ ಕೈ ಮಾಡಿತ್ತು. ಸಮಾಧಾನವೂ ಆಯಿತು, ಅವಮಾನವೂ ಆಯಿತು. ಕೈ ಮಾತ್ರ ಅವಳು ಹಿಡಿದುಕೊಂಡೇ ಇದ್ದಳು.

ಸೋಮವಾರ ಕಾಲೇಜಿಗೆ ಹೋಗಲೇಬೇಕಾಯಿತು. ಹಣೆಯ ಕಪ್ಪು ಗೆರೆಗಳ ಮೇಲೆ ನಿಜವಾದ ವಿಭೂತಿಯನ್ನೇ ದಪ್ಪವಾಗಿ ಬಳಿದುಕೊಂಡು ಹೋದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು, ಪಿಎಚ್‌ಡಿ ಮಾಡುವವರು ಕೊನೆಕೊನೆಗೆ ಹೀಗಾಗುವುದು ಇದೆ ಎಂದು ಯಾರೋ ಮೆಲ್ಲಗೆ ಹೇಳಿದ್ದು ಕಿವಿಗೆ ಬಿತ್ತು. ಗೈಡ್ ಕರೆಸಿದರು. ಮೇಜಿನ ಮೇಲೆ ನನ್ನ ನೇರಳೆ ತಟ್ಟೆ, ಹಳದಿ ತಟ್ಟೆ ಎರಡೂ ಇದ್ದವು. ಅವರು ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಕ ತೆಗೆದರು.

"ಅದಿರ್ಲಿ, ಅವತ್ತು ಕಡಬದಿಂದ ಬಂದಿದ್ದ ಮೇಡಂ ಇದನ್ನ ನೋಡಿದ್ರಾ? ಏನಂದ್ರು?" ಎಂದು ಆತಂಕದಿಂದ ಕೇಳಿದರು.

"ಕೈ ನಡುಗುತ್ತೆ ಅಂದ್ರು ಸರ್" ಎಂದೆ.

ಗೈಡ್ ತಟ್ಟೆಗಳನ್ನು ನನ್ನ ಕಡೆ ತಳ್ಳಿದರು. "ದೊಡ್ಡ ತಜ್ಞರು ಸುಮ್ಮನೆ ಹೇಳಲ್ಲ. ಎಲ್ಲಾ ಮೊದಲಿಂದ ಮಾಡಿ" ಎಂದರು.